ಪೌಂಡು ಹದಿನಾಲ್ಕಕ್ಕೆ ಇಳಿಯಲೆಂದು ಕಾದ ಮಾಮಾ

ನಮ್ಮ ಮಾಮಾನನ್ನು ಕೇಳದೆ ಇಂಗ್ಲೆಂಡಿನ ಪೌಂಡು ಒಂದು ಪೈಸೆ ಏರುತ್ತಿರಲಿಲ್ಲ, ಒಂದು ಪೈಸೆ ಇಳಿಯುತ್ತಿರಲಿಲ್ಲ ಎಂದರೆ ನೀವು ನಗುತ್ತೀರಿ. ನಗಿ, ನಾವೂ ನಕ್ಕವರೇ. ಆ ಪೌಂಡಿನ ನೋಟು ಕೆಂಪಗಿರುತ್ತದೋ ಹಸಿರಾಗಿರುತ್ತದೋ ಎಂಬುದು ಅವರಿಗೆ ಗೊತ್ತಿರಲಿಲ್ಲ, ಅದು ಬೇರೆ ವಿಷಯ!

ಮಾಮಾ ಅಂದರೆ ನನ್ನ ಸೋದರತ್ತೆಯ ಗಂಡ. ಗದಗಿನ ಕಡೆಯವರು. ಯಶವಂತಪುರದ ಒಂದು ಕಾರ್ಖಾನೆಯ ಸ್ಟೋರ್ಸಿನಲ್ಲಿ ಗುಮಾಸ್ತರಾಗಿ ಬಂದು ಗೊರಗುಂಟೆಪಾಳ್ಯದಲ್ಲಿ ಮನೆ ಮಾಡಿದ್ದರು. ಮೂರು ಕೊಟೇಶನ್ ತರಿಸಿ ಹೋಲಿಸದೆ ಕಾರ್ಖಾನೆಗೆ ಒಂದು ಬೋಲ್ಟನ್ನೂ ಕೊಂಡವರಲ್ಲ. ಈ ಅಭ್ಯಾಸ ಮನೆಗೂ ಬಂದಿತ್ತು. ಬದನೆಕಾಯಿಗೂ ಮೂರು ಗಾಡಿ ಸುತ್ತಬೇಕು. ಮೂರನೆಯ ಗಾಡಿ ನೋಡಿ ಮೊದಲನೆಯದಕ್ಕೆ ವಾಪಸ್ ಬರುವಷ್ಟರಲ್ಲಿ ಬದನೆಕಾಯಿ ಖಾಲಿ. ಅಂದು ಮನೆಯಲ್ಲಿ ಬರೀ ಬೇಳೆಸಾರು.

ಇಂಥವರಿಗೆ ಪೌಂಡಿನ ಗೀಳು ಹತ್ತಿದ್ದು ಅತ್ತೆಯ ಕಿವಿಯಿಂದ. ಎಪ್ಪತ್ತರ ದಶಕದ ನಡುವಿನಲ್ಲಿ ಅತ್ತೆಗೆ ಕಿವಿ ಮಂದವಾಗುತ್ತಾ ಬಂತು. ಪಕ್ಕದಲ್ಲೇ ನಿಂತು ಗಂಟಲು ಹರಿಯುವಂತೆ ಕೂಗಿದರೆ ಒಂದಿಷ್ಟು ಕೇಳಿಸುತ್ತಿತ್ತು, ಅಷ್ಟೇ. ಇಂಗ್ಲೆಂಡಿನಲ್ಲಿ ಸಿಗುವ ಒಂದು ಕಿವಿಯ ಮಷೀನು ಹಾಕಿದರೆ ಸರಿಹೋಗುತ್ತದೆ ಅಂದರು ಡಾಕ್ಟರು. ಮಾಮಾನ ಜೊತೆ ಕೆಲಸ ಮಾಡುವವರೊಬ್ಬರ ತಮ್ಮ ಅಲ್ಲೇ ಇದ್ದ. "ಊರಿಗೆ ಬರುವವರ ಕೈಯಲ್ಲಿ ಕಳಿಸುತ್ತೇನೆ, ಆ ದಿನದ ದರದಂತೆ ರೂಪಾಯಿಯನ್ನು ನಮ್ಮಮ್ಮನಿಗೆ ಕೊಟ್ಟರೆ ಸಾಕು" ಎಂದು ಬರೆದ. ಬೆಲೆ ಅರವತ್ತು ಪೌಂಡು. ಆಗ ಒಂದು ಪೌಂಡಿಗೆ ಹದಿನೆಂಟು ರೂಪಾಯಿ ಚಿಲ್ಲರೆ.

"ರೊಕ್ಕ ಹೊಂದಿಸಿಟ್ಟೇನಿ. ಆದರ ಪೌಂಡು ಇಳಿಯೂ ಹಂಗ ಕಾಣತೈತಿ. ಸ್ವಲ್ಪ ತಡಿಯೂಣು" ಅಂದರು ಮಾಮಾ.

ಇಳಿದೇಬಿಡಬೇಕೆ! ಹದಿನೇಳಾಯಿತು, ಹದಿನಾರಾಯಿತು. ಅಲ್ಲಿಗೆ ಮಾಮಾನನ್ನು ಹಿಡಿಯುವವರಿಲ್ಲ. ಬೆಳಗಾದರೆ ಕ್ಷೌರದಂಗಡಿಗೆ ಹೋಗಿ, ಅಲ್ಲಿನ ಪೇಪರಿನ ವಾಣಿಜ್ಯ ಪುಟಕ್ಕೆ ಮೂಗು ತಾಗಿಸಿ, ಇರುವೆಸಾಲಿನಂಥ ಅಕ್ಷರದಲ್ಲಿ ದರ ಹುಡುಕುತ್ತಿದ್ದರು. ಜಗತ್ತಿನ ಎಲ್ಲ ಬೆಲೆಯೂ ಒಂದಕ್ಕೊಂದು ಗಂಟು ಹಾಕಿಕೊಂಡಿದೆ ಎಂದು ಗಡ್ಡ ಕೆರೆಸಿಕೊಳ್ಳುವವರಿಗೆಲ್ಲ ಪಾಠ ಬೇರೆ. ಒಮ್ಮೆ ಹಜಾಮನನ್ನೇ ಕೇಳಿದರು, "ಪೌಂಡು ಇಪ್ಪತ್ತು ಪೈಸೆ ಇಳದೈತಿ ನೋಡಪಾ. ನೀನೂ ಐದು ಪೈಸೆ ಇಳಸಬೇಕಲ್ಲಾ?"

ಅವನು ಕತ್ತಿ ಮಸೆಯುತ್ತಲೇ ಅಂದ, "ಇಳೀಲಿ ಬುಡಿ ಸಾ. ಅದ್ಕೇ ನಿಮ್ ಗಡ್ಡ ಏನಾರ ಕಮ್ಮಿ ಬೆಳೀತದಾ?"

ಮನೆಗೆ ಯಾರೇ ಬರಲಿ, ಅವರ ಜನ್ಮನಕ್ಷತ್ರ ಕೇಳುವುದಿಲ್ಲ ನಮ್ಮ ಮಾಮಾ. ಹುಟ್ಟಿದ ವರ್ಷ ಕೇಳಿ ಆಗಿನ ದರ ಹೇಳುವರು! "ನೀ ಹುಟ್ಟಿದಾಗ ಪೌಂಡಿಗೆ ಹದಿಮೂರು ರೂಪಾಯಿ ಮೂವತ್ತಮೂರು ಪೈಸೆ ಇತ್ತು, ತಮ್ಮಾ" ಎಂದು ನನಗೂ ಹೇಳಿದರು. ನನಗೋ ಹೆಮ್ಮೆ. "ಅಪ್ಪ ಹುಟ್ಟಿದಾಗ ಎಷ್ಟಿತ್ತು ಮಾಮಾ?" ಅಂದೆ. ಅದೇ ಹದಿಮೂರು ಮೂವತ್ತಮೂರು. ಅತ್ತೆಗೆ? ಅದೇ. ಅರವತ್ತಾರರಲ್ಲಿ ಸರ್ಕಾರ ರೂಪಾಯಿಯ ಬೆಲೆ ಇಳಿಸುವವರೆಗೆ ಹತ್ತಾರು ವರ್ಷ ಆ ದರ ಅಲುಗಾಡಿಯೇ ಇರಲಿಲ್ಲವಂತೆ.

"ಹಾಗಾದ್ರೆ ನಾನೂ ಅಪ್ಪನೂ ಒಂದೇ ವಯಸ್ಸಿನವರಾ?"

"ಪೌಂಡಿನ ಲೆಕ್ಕದಾಗ ಹೌದು" ಎಂದರು, ಒಂದಿಷ್ಟೂ ನಗದೆ.

ಪೌಂಡು ಹದಿನೈದಕ್ಕೆ ಬಂತು. ಇನ್ನಾದರೂ ತರಿಸಿ ಎಂದು ಅಪ್ಪ ಗೋಗರೆದರು. "ಹದಿನಾಲ್ಕು ಆಗಲಿ" ಅಂದರು ಮಾಮಾ. ಮೂರು ಕೊಟೇಶನ್ನಿನ ಬುದ್ಧಿ ಎಲ್ಲಿಗೆ ಹೋಗುತ್ತೆ ಹೇಳಿ? ಒಂದು ದಿನ ಅತ್ತೆಯ ಹತ್ತಿರ ಕೂತು ಕೂಗಿದೆ, "ಅತ್ತೇ, ನಿಮ್ಗೆ ಮಷೀನ್ ಬೇಡ್ವಾ?" ಅತ್ತೆ ಸೊಪ್ಪು ಬಿಡಿಸುತ್ತಾ, ಗಂಡನ ಮನೆಯಲ್ಲಿ ಕಲಿತ ಗದಗಿನ ಮಾತಿನಲ್ಲೇ, "ಬೇಕಲ್ಲೋ ತಮ್ಮಾ. ನಿಮ್ಮ ಮಾಮಾ ದಿನಾ ಏನೇನೋ ಹೇಳತಾರ. ನನಗ ಬಾಯಿ ಅಷ್ಟ ಕಾಣತೈತಿ" ಅಂದರು. ನನಗೆ ಮಾಮಾನ ಮೇಲೆ ಕೆಂಡದಂಥ ಸಿಟ್ಟು ಬಂತು.

ಹದಿನಾಲ್ಕು ಬರಲೇ ಇಲ್ಲ. ಪೌಂಡು ತಿರುಗಿ ಏರತೊಡಗಿತು. ಹದಿನಾರು, ಹದಿನೇಳು. "ಇಳಿತೈತಿ, ಇಳೀಲಿಕ್ಕೇ ಬೇಕು" ಎಂದುಕೊಂಡೇ ಎಂಬತ್ತನೇ ಇಸವಿ ಬಂದುಬಿಟ್ಟಿತು. ದರ ಮತ್ತೆ ಹದಿನೆಂಟು ದಾಟಿತ್ತು.

ಆ ವರ್ಷ ಒಂದು ಭಾನುವಾರ ಇಬ್ಬರೂ ತರಕಾರಿಗೆ ಹೋಗಿದ್ದರು. ಮಾಮಾ ಎಂದಿನಂತೆ ಮೂರನೆಯ ಗಾಡಿಯ ಹತ್ತಿರ ಚೌಕಾಸಿಯಲ್ಲಿದ್ದರು. ಅತ್ತೆ ತುಮಕೂರು ರಸ್ತೆ ದಾಟಲು ಹೊರಟರು. ಹಿಂದಿನಿಂದ ಲಾರಿಯೊಂದು ಹಾರ್ನ್ ಬಾರಿಸುತ್ತಾ ಬಂತು. ಮಾಮಾ ಕೂಗುತ್ತಾ ಓಡಿದರು. ಅತ್ತೆಗೆ ಹಾರ್ನೂ ಕೇಳಿಸಲಿಲ್ಲ, ಗಂಡನ ಕೂಗೂ ಕೇಳಿಸಲಿಲ್ಲ. ಬ್ರೇಕು ಹಾಕಿದ ಲಾರಿ ಅವರ ಸೆರಗಿನಿಂದ ಒಂದು ಮೊಳ ದೂರದಲ್ಲಿ ನಿಂತಿತು. ಡ್ರೈವರ್ ತಲೆ ಹೊರಗೆ ಹಾಕಿ ಬಾಯಿಗೆ ಬಂದಂತೆ ಬೈದ. ಅವನೇನೋ ದಾರಿ ಕೇಳುತ್ತಿದ್ದಾನೆಂದುಕೊಂಡು ಅತ್ತೆ ನಗುತ್ತಾ ಯಶವಂತಪುರದ ಕಡೆ ಕೈ ತೋರಿಸಿದರು.

ಮಾಮಾ ಆ ಮಧ್ಯಾಹ್ನ ಊಟ ಮಾಡಲಿಲ್ಲ. ಸಂಜೆಗೇ ಸಹೋದ್ಯೋಗಿಯ ಮನೆಗೆ ಹೋಗಿ ಮಷೀನು ಕಳಿಸಲು ಕಾಗದ ಬರೆಸಿದರು. ಪೇಪರ್ ನೋಡಲಿಲ್ಲ. ಸಹೋದ್ಯೋಗಿಯ ತಾಯಿ ಹೇಳಿದಷ್ಟು ರೂಪಾಯಿಯನ್ನು ಚೌಕಾಸಿ ಮಾಡದೆ ಅವರ ಕೈಗಿಟ್ಟು ಬಂದರು.

ಎರಡು ತಿಂಗಳಿಗೆ ಮಷೀನು ಬಂತು. ನಾವೆಲ್ಲ ಸುತ್ತ ಕೂತೆವು. ಅಪ್ಪ ಅದನ್ನು ಅತ್ತೆಯ ಕಿವಿಗೆ ಸಿಕ್ಕಿಸಿ, ಪುಟ್ಟ ಗಾಲಿ ತಿರುಗಿಸಿ ಸರಿ ಮಾಡಿದರು. "ನೀವೇ ಮಾತಾಡಿ ಭಾವ" ಅಂದರು. ಇಷ್ಟು ವರ್ಷ ಬಾಯಿ ಮುಚ್ಚದ ಮಾಮಾ ಈಗ ಎರಡು ಸಲ ಗಂಟಲು ಸರಿಮಾಡಿಕೊಂಡರು. ಕೊನೆಗೆ ಮೆಲ್ಲಗೆ, "ಕೇಳಸತೈತೇನು?" ಅಂದರು.

ಅತ್ತೆ ಬೆಚ್ಚಿದರು. ಗಂಡನ ಮುಖವನ್ನೇ ನೋಡಿದರು.

"ನಿಮ್ಮ ದನಿ ಯಾವಾಗ ಇಷ್ಟು ಮುದುಕಾತ್ರಿ?"

ನಮ್ಮಲ್ಲಿ ಯಾರೂ ನಗಲಿಲ್ಲ. ಮಾಮಾ ತಲೆ ತಗ್ಗಿಸಿದರು. "ತಪ್ಪಾತು ನಂದು. ನಾಕು ವರ್ಷ ಸುಮ್ಮನ ಕಾಯಿಸಿದೆ" ಎನ್ನುವಷ್ಟರಲ್ಲಿ ಅವರ ಕಣ್ಣು ತುಂಬಿತು. ಅತ್ತೆ ಕುರ್ಚಿಯನ್ನು ಅವರ ಹತ್ತಿರಕ್ಕೆ ಎಳೆದುಕೊಂಡು ಅವರ ಮೊಣಕಾಲ ಮೇಲೆ ಕೈಯಿಟ್ಟರು.

"ಇರಲಿ ಬಿಡ್ರಿ. ಇನ್ನೂ ಮಾತಾಡ್ರಿ, ಕೇಳತೇನಿ."