ಹೊಟ್ಟೆ ಉರಿಯಲ್ಲ, ಎದೆ ಉರಿ!

ಇಡೀ ಕಚೇರಿ ವರ್ಷಗಟ್ಟಲೆ ನೆನಪಿಟ್ಟುಕೊಳ್ಳುವಂಥ ಭಾಷಣ ಮಾಡಿಯೇ ತೀರುತ್ತೇನೆ ಎಂದು ನಾನು ಶಪಥ ಮಾಡಿದೆ. ಮಾಡಿಯೂ ಮಾಡಿದೆ! ಕಚೇರಿ ಅದನ್ನು ನೆನಪಿಟ್ಟುಕೊಂಡಿದೆ ಕೂಡ! ಈಗ ಲಿಫ್ಟಿನಲ್ಲಿ ನನ್ನನ್ನು ಕಂಡವರು ಮೊದಲು ನಗುತ್ತಾರೆ, ಆಮೇಲೆ ನಮಸ್ಕಾರ ಹೇಳುತ್ತಾರೆ. ಆ ಕತೆಯನ್ನು ಬೇರೆಯವರು ಬಣ್ಣ ಕಟ್ಟಿ ನಿಮ್ಮ ಕಿವಿಗೆ ಹಾಕುವ ಮುಂಚೆ ನಾನೇ ಹೇಳಿಬಿಡುವುದು ಕ್ಷೇಮ.

ನಮ್ಮದು ನೀರು ಸರಬರಾಜು ಕಚೇರಿ. ಊರಿನ ಕೊಳವೆಗಳಲ್ಲಿ ನೀರು ಯಾವ ಕಡೆ ಹರಿಯಬೇಕು, ಎಲ್ಲಿ ನಿಲ್ಲಬೇಕು, ಮುಖ್ಯವಾಗಿ ಮುಂದೆ ಹೋದ ನೀರು ಹಿಂದಕ್ಕೆ ಬಾರದಂತೆ ಯಾವ ವಾಲ್ವ್ ಎಲ್ಲಿ ಕೂರಬೇಕು ಎಂದು ನೋಡಿಕೊಳ್ಳುವುದು ನನ್ನ ಉದ್ಯೋಗ. ನನ್ನ ಎದುರಿನ ಮೇಜಿನಲ್ಲಿ ಕೂರುತ್ತಿದ್ದವನು ನನ್ನ ಪ್ರಾಣಸ್ನೇಹಿತ. ಹೇಳಿದ ಹೊತ್ತಿಗೆ ಹೇಳಿದ ಜಾಗದಲ್ಲಿ ಇರುವವನಾದ್ದರಿಂದ ಅವನಿಗೆ ‘ಗಡಿಯಾರ’ ಎಂದು ಅಡ್ಡಹೆಸರು. ಇಬ್ಬರೂ ಒಂದೇ ದಿನ ಕೆಲಸಕ್ಕೆ ಸೇರಿದವರು, ಒಂದೇ ಡಬ್ಬಿಯಲ್ಲಿ ಕೈ ಹಾಕಿ ತಿಂದವರು. ಕೆಲವು ವರ್ಷಗಳ ಹಿಂದೆ ಹೆಂಡತಿ ತೀರಿಕೊಂಡ ಮೇಲೆ ಅವನು ಒಬ್ಬನೇ ಇದ್ದಾನೆ.

ನಮ್ಮ ಮುಖ್ಯಾಧಿಕಾರಿ ನಿವೃತ್ತರಾದರು. ಆ ಕುರ್ಚಿಗೆ ಇದ್ದ ಅರ್ಹರು ಇಬ್ಬರೇ, ಅವನು ಮತ್ತು ನಾನು. ನನ್ನ ಭಾಷಣಕ್ಕೆ ಒಂದು ತಿಂಗಳ ಮುಂಚೆ ಆದೇಶ ಬಂತು. ಕುರ್ಚಿ ಅವನಿಗೆ!

ನನಗೆ ಹಾಲು ಕುಡಿದಷ್ಟು ಸಂತೋಷವಾಯಿತು. ನಂಬಿ! ಆ ಕುರ್ಚಿಯ ಪಕ್ಕದ ಫೋನನ್ನು ನಾನು ಬಲ್ಲೆ. ನಲ್ಲಿಯಲ್ಲಿ ನೀರು ಬಾರದಿದ್ದರೆ ಜನ ದೇವರನ್ನು ಆಮೇಲೆ ಬೈಯುತ್ತಾರೆ, ಮೊದಲು ಆ ಫೋನಿಗೆ ಬೈಯುತ್ತಾರೆ. ಆದರೆ ಕಚೇರಿಯಲ್ಲಿ ಯಾರು ನಂಬಬೇಕು? ಒಬ್ಬೊಬ್ಬರಾಗಿ ಬಂದು ನನ್ನ ಮುಖವನ್ನು ಮೀಟರ್ ಓದುವವರಂತೆ ಓದಿದರು. “ಸಾರ್, ನಿಮಗೇ ಸಿಗಬೇಕಿತ್ತು,” ಎಂದು ಹುಳಿ ಹಿಂಡಿದರು. ಅದಕ್ಕೇ ಆ ಶಪಥ. ಅಭಿನಂದನಾ ಸಭೆಯಲ್ಲಿ ಗೆಳೆಯನನ್ನು ಹೇಗೆ ಹೊಗಳುತ್ತೇನೆಂದರೆ, ಹುಳಿ ಹಿಂಡುವವರ ಕೈಯೇ ಒಣಗಬೇಕು!

ಹುಳಿಯನ್ನು ಹೊರಗಿನವರು ಹಿಂಡಿದ್ದು ಸಾಲದೆಂದು ಒಳಗೂ ಒಂದು ಹುಳಿ ಅದೇ ತಿಂಗಳು ಶುರುವಾಗಿತ್ತು. ಉಂಡು ಅಡ್ಡಾದರೆ ಸಾಕು, ಎದೆಗೂಡಿನ ನಟ್ಟನಡುವೆ ಒಲೆ ಹಚ್ಚಿದಂತೆ ಉರಿ. ಅದರ ಬೆನ್ನಿಗೇ ಗಂಟಲಿಗೆ ಹುಳಿನೀರು.

ನನ್ನ ಹೆಂಡತಿ ಮನೆಯಲ್ಲೇ ಬಟ್ಟೆ ಹೊಲಿಯುತ್ತಾಳೆ. ಊರಿನ ಅರ್ಧ ಜನರ ಸೊಂಟದ ಗುಟ್ಟು ಅವಳ ಟೇಪಿನಲ್ಲಿದೆ. ಅವಳು ಸೂಜಿಗೆ ದಾರ ಪೋಣಿಸುತ್ತಲೇ ತೀರ್ಪು ಕೊಟ್ಟಳು.

“ರೀ, ಮಧ್ಯಾಹ್ನ ಊಟ ಬಿಟ್ಟು ಬರೀ ಕಾಫಿ ಕುಡೀತೀರಾ. ಮನೆಗೆ ಬಂದು ಎರಡು ಹೊತ್ತಿಂದೂ ಸೇರಿಸಿ ತಿಂತೀರಾ. ನಾನು ತಟ್ಟೆ ತೊಳೆಯೋಷ್ಟರಲ್ಲಿ ಮಲಗಿರ್ತೀರಾ. ನಡೀರಿ, ಡಾಕ್ಟರ ಹತ್ರ ಹೋಗೋಣ.”

“ಹೋಗೇ! ನಂದು ಕಬ್ಬಿಣದ ಹೊಟ್ಟೆ. ಕಲ್ಲು ತಿಂದ್ರೂ ಕರಗುತ್ತೆ!”

“ಕಲ್ಲು ತಿನ್ನಬೇಡಿ ಅಂದೆನಾ? ಸ್ವಲ್ಪ ಸ್ವಲ್ಪ ತಿನ್ನಿ ಅಂದೆ.”

ಸಭೆಯ ದಿನ ನನ್ನ ಹಳೆಯ ಸೂಟು ಹೊರಬಂತು. ಪ್ಯಾಂಟಿನ ಗುಂಡಿ ಹಾಕಲು ನಾನು ಉಸಿರು ಎಳೆದುಕೊಂಡು ಗೋಡೆ ಹಿಡಿದು ನಿಂತಿದ್ದನ್ನು ಅವಳು ನೋಡಿಬಿಟ್ಟಳು.

“ಕೊಡಿ ಇಲ್ಲಿ, ಸೊಂಟ ಬಿಚ್ಚಿ ಸಡಿಲ ಮಾಡ್ತೀನಿ. ಹತ್ತು ನಿಮಿಷದ ಕೆಲಸ.”

“ಬೇಡ, ಸರಿಯಾಗೇ ಹಿಡಿಸಿದೆ!”

“ಹಿಡಿಸಿರೋದು ಪ್ಯಾಂಟಿಗೆ. ನಿಮಗಲ್ಲ. ಎಲ್ಲಿ, ಉಸಿರು ಬಿಡಿ ನೋಡೋಣ?”

ನಾನು ಉಸಿರು ಬಿಡಲಿಲ್ಲ. ಮೇಲಿಂದ ಬೆಲ್ಟನ್ನೂ ಬಿಗಿದು, ಮೂರು ಹಾಳೆ ಭಾಷಣವನ್ನು ಜೇಬಿಗಿಟ್ಟುಕೊಂಡು, ದಿಗ್ವಿಜಯಕ್ಕೆ ಹೊರಟ ಮಹಾರಾಜನಂತೆ ಹೊರಟೆ.

ಕಚೇರಿಯ ಮೇಲಂತಸ್ತಿನ ಸಭಾಂಗಣ ತುಂಬಿತ್ತು. ಮೊದಲು ಭಾಷಣ ಇಟ್ಟರೆ ಯಾರೂ ಬರುವುದಿಲ್ಲವೆಂದು ತಿಂಡಿ ಮೊದಲು ಇಟ್ಟಿದ್ದರು. ಕರಿದ ಆಲೂಗಡ್ಡೆ, ಚಾಕೊಲೇಟ್ ಕೇಕು, ಕಿತ್ತಳೆ ರಸ, ಕಾಫಿ. ಗೆಳೆಯನ ಸಂತೋಷದಲ್ಲಿ ಒಂದು ಸುತ್ತು ತಿಂದೆ. ಕಡಿಮೆ ತಿಂದರೆ ಬೇಸರದಲ್ಲಿದ್ದೇನೆ ಎಂದುಕೊಂಡಾರು ಎಂದು ಇನ್ನೊಂದು ಸುತ್ತು ತಿಂದೆ.

ನನ್ನ ಹೆಸರು ಕೂಗಿದರು. ವೇದಿಕೆ ಹತ್ತಿ ಜೇಬಿನಿಂದ ಭಾಷಣ ತೆಗೆಯುವಾಗ ಒಂದು ಹಾಳೆ ಜಾರಿ ಕೆಳಗೆ ಬಿತ್ತು. ಬಗ್ಗಿ ಎತ್ತಿಕೊಂಡೆ. ಅಷ್ಟೇ ನಾನು ಮಾಡಿದ ಅಪರಾಧ! ತುಂಬಿದ ಹೊಟ್ಟೆ, ಬಿಗಿದ ಬೆಲ್ಟು, ಬಗ್ಗಿದ ಬೆನ್ನು, ಮೂರೂ ಸೇರಿದವು. ನೆಟ್ಟಗೆ ನಿಲ್ಲುವಷ್ಟರಲ್ಲಿ ಒಳಗೆ ಏನೋ ಹೊರಟುಬಿಟ್ಟಿತ್ತು.

“ಮಿತ್ರರೇ! ಗೆಳೆಯನ ಏಳಿಗೆ ಕಂಡು ಇವತ್ತು ನನ್ನ ಎದೆ...”

‘ತುಂಬಿ ಬಂದಿದೆ’ ಎಂದು ಹಾಳೆಯಲ್ಲಿತ್ತು. ತುಂಬಿ ಬಂದದ್ದು ಬೇರೆಯೇ! ಎದೆಯ ನಡುವೆ ಭುಗ್ಗೆಂದಿತು. ಕಣ್ಣಲ್ಲಿ ಬಳಬಳ ನೀರು. ಮುಖ ಕಿವುಚಿಕೊಂಡು ಎದೆ ಹಿಡಿದುಕೊಂಡೆ.

ಪಕ್ಕದ ದೊಡ್ಡ ಕುರ್ಚಿಯಿಂದ ಗಡಿಯಾರ ಗಾಬರಿಯಾಗಿ ಬಗ್ಗಿದ. “ಏನಾಯ್ತೋ?”

ಎದೆ ಎನ್ನಬೇಕಿದ್ದ ನಾಲಿಗೆ ಹೊರಳಿತು. ಮೈಕು ನನ್ನ ಬಾಯಿಗೆ ಅಂಟಿಕೊಂಡೇ ಇತ್ತು.

“ಹೊಟ್ಟೆ ಉರೀತಾ ಇದೆ ಕಣೋ!”

ಹಿಂದಿನ ಸಾಲಿನಿಂದ ಯಾರೋ, “ಅಂತೂ ಬಾಯಿಬಿಟ್ರು!” ಎಂದರು. ಚಪ್ಪಾಳೆ ಬೇರೆ!

ಆಗಲಾದರೂ ಸುಮ್ಮನಿರಬೇಕಿತ್ತು. ನಾನೋ ವಿವರಣೆಗೆ ಇಳಿದೆ.

“ಹಾಗಲ್ಲ, ಹಾಗಲ್ಲ! ಇದು ಇವತ್ತು ನಿನ್ನೇದಲ್ಲ, ಒಂದು ತಿಂಗಳಿಂದ ಉರೀತಿದೆ!”

ಆದೇಶ ಬಂದೂ ಒಂದು ತಿಂಗಳು. ನಗು ಛಾವಣಿ ಮುಟ್ಟಿತು.

“ಅಯ್ಯೋ, ಕೇಳಿ ಇಲ್ಲಿ! ಮಲಗಿದ್ರೆ ನಿದ್ದೆ ಬರಲ್ಲ! ಏನು ಮಾಡಿದ್ರೂ ಜೀರ್ಣ ಆಗ್ತಿಲ್ಲ!”

“ಆಗಲ್ಲ ಸಾರ್, ಇಂಥದ್ದು ಯಾರಿಗೂ ಜೀರ್ಣ ಆಗಲ್ಲ!” ಎಂದು ಲೆಕ್ಕಪತ್ರ ವಿಭಾಗದಿಂದ ಸಾಂತ್ವನ ಬಂತು. ನನಗೆ ಸಿಟ್ಟು ನೆತ್ತಿಗೇರಿತು. ಇದ್ದಬದ್ದ ಉಸಿರನ್ನೆಲ್ಲ ಸೇರಿಸಿ ಕೂಗಿದೆ.

“ಕೆಳಗೆ ಇರಬೇಕಾದ್ದು ಮೇಲಕ್ಕೆ ಬಂದು ಕೂತಿದೆ! ಅದೇ ನನ್ನ ಕಷ್ಟ!”

ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ನಗದೇ ಇದ್ದವನು ಒಬ್ಬನೇ, ಆಗತಾನೆ ಮೇಲಕ್ಕೆ ಬಂದು ಕೂತವನು. ಗಡಿಯಾರದ ಮುಖ ನಿಂತೇ ಹೋಗಿತ್ತು. ಅದನ್ನು ಕಂಡಾಗ ನನ್ನ ಜೀವ ಹಾರಿಹೋಯಿತು. ನಗುವವರು ನಗಲಿ, ಲಿಫ್ಟಿನಲ್ಲಿ ನೋಡಿಕೊಳ್ಳೋಣ. ಆದರೆ ಇವನೂ ನಂಬಿಬಿಟ್ಟರೆ? ಜೀವಮಾನದಲ್ಲಿ ಸಂಪಾದಿಸಿದ ಒಬ್ಬ ಗೆಳೆಯನನ್ನು ಒಂದು ಪದದಲ್ಲಿ ಕಳೆದುಕೊಂಡೆನಲ್ಲ! ಮಾತನಾಡಲು ಬಾಯಿ ತೆರೆದೆ, ಇನ್ನೊಂದು ಉರಿಯ ಅಲೆ ಬಂತು, ವೇದಿಕೆಯ ಮೇಲೆ ಕುಸಿದು ಕೂತೆ.

ಮರುಕ್ಷಣ ಗಡಿಯಾರ ನನ್ನ ಪಕ್ಕದಲ್ಲಿದ್ದ. “ಎದೆನಾ? ಕೈಗೆ ಸೆಳೀತಿದೆಯಾ? ಬೆವರು ಬರ್ತಿದೆಯಾ? ಮಾತಾಡೋ!” ಎನ್ನುತ್ತಲೇ ನನ್ನ ಬೆಲ್ಟು ಬಿಚ್ಚಿ, ತೋಳು ಹೆಗಲ ಮೇಲೆ ಹಾಕಿಕೊಂಡು ಮೆಟ್ಟಿಲಿಳಿಸಿದ. ತನ್ನದೇ ಅಭಿನಂದನಾ ಸಭೆಯನ್ನು ಅರ್ಧಕ್ಕೆ ಬಿಟ್ಟು, ಹೊಸದಾಗಿ ಸಿಕ್ಕ ಕಾರಿನ ಮೊದಲ ಸವಾರಿಯನ್ನು ನನಗೆ ಕೊಟ್ಟು, ಆಸ್ಪತ್ರೆಗೆ ಕರೆತಂದ. ದಾರಿಯಲ್ಲಿ ನಾನು, “ನಾನು ಹೇಳಿದ್ದು ಎದೆ ಉರಿ ಕಣೋ, ಹೊಟ್ಟೆ ಉರಿಯಲ್ಲ,” ಎಂದೆ. ಅವನು, “ಮಾತಾಡಬೇಡ,” ಎಂದಷ್ಟೇ ಹೇಳಿದ. ನನಗೆ ಉರಿಗಿಂತ ಆ ಒಂದು ಮಾತೇ ಹೆಚ್ಚು ಸುಟ್ಟಿತು.

ವೈದ್ಯೆ ಮೊದಲು ಇಸಿಜಿ ತೆಗೆಸಿದರು, ರಕ್ತ ಪರೀಕ್ಷೆ ಮಾಡಿಸಿದರು.

“ಎದೇಲಿ ಏನೇ ಆದ್ರೂ ಮೊದಲು ಹೃದಯ ನೋಡಬೇಕು. ಉರಿನೋ ನೋವೋ ಅಂತ ಮನೇಲಿ ಕೂತು ನೀವೇ ತೀರ್ಮಾನ ಮಾಡಬಾರದು. ಕರ್ಕೊಂಡು ಬಂದಿದ್ದು ಒಳ್ಳೇದಾಯ್ತು,” ಎಂದರು. ಸ್ವಲ್ಪ ಹೊತ್ತಿನ ಮೇಲೆ ನಕ್ಕರು. “ಹೃದಯ ಗಟ್ಟಿಯಾಗಿದೆ. ಇದು ಆಮ್ಲದ ಆಟ. ಅನ್ನನಾಳ ಹೊಟ್ಟೆಗೆ ಸೇರೋ ಕಡೆ ಒಂದು ಬಿಗಿಯಾದ ಸ್ನಾಯು ಇರುತ್ತೆ. ಆಹಾರ ಕೆಳಗೆ ಹೋಗೋಕೆ ತೆರೆಯುತ್ತೆ, ಆಮೇಲೆ ಮುಚ್ಚಿಕೊಳ್ಳುತ್ತೆ. ಅದು ಸಡಿಲ ಆದ್ರೆ ಹೊಟ್ಟೆಯ ಆಮ್ಲ ವಾಪಸ್ ಮೇಲಕ್ಕೆ ಬರುತ್ತೆ.”

“ಅಂದ್ರೆ... ವಾಲ್ವು!”

“ಹೌದು, ವಾಲ್ವೇ ಅಂದ್ಕೊಳ್ಳಿ. ನೀವೇನು ಕೆಲಸ ಮಾಡೋದು?”

ಊರಿಗೆಲ್ಲ ವಾಲ್ವ್ ಕೂರಿಸಿದ ಮಹಾನುಭಾವ ತನ್ನ ವಾಲ್ವಿನ ಮೇಲೆ ಬೆಲ್ಟು ಬಿಗಿದು ಬಂದಿದ್ದ! ವೈದ್ಯೆ ನನ್ನ ಹೆಂಡತಿಯ ಮಾತನ್ನೇ ಕದ್ದು ಕೇಳಿಸಿಕೊಂಡು ಬಂದವರಂತೆ ಹೇಳುತ್ತ ಹೋದರು. ಊಟ ಸ್ವಲ್ಪ ಸ್ವಲ್ಪ, ಹೊತ್ತಿಗೆ ಸರಿಯಾಗಿ. ಉಂಡ ಮೇಲೆ ಎರಡು ಮೂರು ಗಂಟೆ ಮಲಗುವಂತಿಲ್ಲ. ಕಾಫಿ, ಚಾಕೊಲೇಟು, ಕರಿದದ್ದು, ಹುಳಿ ಹಣ್ಣು, ಯಾವುದು ತಿಂದರೆ ಉರಿಯುತ್ತದೋ ಅದಕ್ಕೆ ವಿದಾಯ. ಸೊಂಟ ಸಡಿಲವಿರಲಿ, ಮೈಭಾರ ಇಳಿಯಲಿ. ಕೆಲವು ವಾರ ತಿಂಡಿಗೆ ಮುಂಚೆ ಒಂದು ಮಾತ್ರೆ.

“ನುಂಗೋಕೆ ಕಷ್ಟ ಆದ್ರೆ, ವಾಂತೀಲಿ ರಕ್ತ ಕಂಡ್ರೆ, ತೂಕ ತಾನಾಗೇ ಇಳಿದ್ರೆ ತಕ್ಷಣ ಬರಬೇಕು. ಮತ್ತೆ, ಮಂಚದ ತಲೆ ಕಡೆ ಕಾಲಿಗೆ ಮರದ ತುಂಡು ಕೊಟ್ಟು ಒಂದು ಗೇಣು ಎತ್ತರಿಸಿ. ಬರೀ ದಿಂಬು ಪೇರಿಸಿದ್ರೆ ಹೊಟ್ಟೆ ಮಡಚಿಕೊಂಡು ಇನ್ನೂ ಕೆಡುತ್ತೆ.”

ಹೊರಗೆ ಬಂದರೆ ಬೆಂಚಿನ ಮೇಲೆ ನೂತನ ಮುಖ್ಯಾಧಿಕಾರಿಗಳು ಕೂತಿದ್ದರು. ಒಂದು ಕೈಯಲ್ಲಿ ಅಭಿನಂದನೆಯ ಹೂಗುಚ್ಛ, ಇನ್ನೊಂದು ಕೈಯಲ್ಲಿ ನನ್ನ ಬೆಲ್ಟು. ಆ ದೃಶ್ಯ ನೋಡಿ ನನಗೆ ಅಳು ಬಂತು, ಈ ಸಲ ಆಮ್ಲದಿಂದಲ್ಲ. ಆಸ್ಪತ್ರೆಯ ಪಡಸಾಲೆಯಲ್ಲಿ ಹೀಗೆ ಕಾಯುವವನೊಬ್ಬನಿದ್ದರೆ ಮನುಷ್ಯ ಇನ್ನೇನು ಬೇಡಬೇಕು? ಆದರೂ ಅವನು ನಗಲಿಲ್ಲ. “ನಡಿ, ಮಂಚ ಎತ್ತರಿಸೋಣ,” ಎಂದ.

ಮನೆಯಲ್ಲಿ ಹೆಂಡತಿ ಎಲ್ಲ ಕೇಳಿಸಿಕೊಂಡು, “ಕಬ್ಬಿಣದ ಹೊಟ್ಟೆ ಹೇಗಿದೆ?” ಎಂದಷ್ಟೇ ಕೇಳಿದಳು. ಅವಳ ಕೈ ಮಾತ್ರ ನನ್ನ ಎದೆಯ ಮೇಲೆ ಬಹಳ ಹೊತ್ತು ಇತ್ತು. ನಾನು ತಲೆ ತಗ್ಗಿಸಿ, “ತಪ್ಪಾಯ್ತು ಕಣೇ, ಹೊಟ್ಟೆಗೆ ಹಾಕ್ಕೋ,” ಎಂದೆ.

“ನಾನು ಹಾಕ್ಕೋತೀನಿ, ನೀವು ನಿಮ್ಮ ಹೊಟ್ಟೆಗೆ ಹಾಕ್ಕೊಳ್ಳೋದು ಕಡಿಮೆ ಮಾಡಿ!” ಎಂದಳು.

ಮಂಚದ ತಲೆಯ ಕಡೆ ಮರದ ತುಂಡು ಕೊಡುವುದು ಯಾರಿಗಾದರೂ ಐದು ನಿಮಿಷದ ಕೆಲಸ. ನಾವಿಬ್ಬರೂ ನೀರಿನವರು! ಇಳಿಜಾರು ಎಷ್ಟಿರಬೇಕೆಂದು ವಾದ ಶುರುವಾಯಿತು. ಅವನು ಒಂದು ತುಂಡು ಎಂದ. ವೇಗವಾಗಿ ಹರಿಯಲಿ ಎಂದು ನಾನು ಎರಡಿಟ್ಟೆ. ಪರೀಕ್ಷೆ ಮಾಡಲು ಇಬ್ಬರೂ ಅಕ್ಕಪಕ್ಕ ಮಲಗಿದೆವು. ಹೆಂಡತಿ ಆಗಷ್ಟೇ ಹೊಲಿದು ಹಾಸಿದ್ದ ನುಣುಪಾದ ಮೇಲುಹಾಸು. ನಿಧಾನವಾಗಿ, ಗಾಂಭೀರ್ಯದಿಂದ, ಇಲಾಖೆಯ ಇಬ್ಬರು ಹಿರಿಯ ಅಧಿಕಾರಿಗಳು ಕೆಳಕ್ಕೆ ಹರಿಯತೊಡಗಿದರು. ಹಿಡಿದುಕೊಳ್ಳಲು ನಾನು ಅವನ ಕೋಟು ಎಳೆದೆ, ಅವನು ನನ್ನ ಪ್ಯಾಂಟು ಎಳೆದ. ಬೆಲ್ಟಿಲ್ಲದ ಪ್ಯಾಂಟಿನ ಗುಂಡಿ ಟಪ್ಪೆಂದು ಹಾರಿ ಗೋಡೆಗೆ ಬಡಿಯಿತು. ಇಬ್ಬರೂ ದಬ್ಬನೆ ನೆಲಕ್ಕೆ!

ಗಡಿಯಾರ ನಕ್ಕ. ನೆಲದ ಮೇಲೆ ಹೊರಳಿ, ಕಣ್ಣೊರೆಸಿಕೊಂಡು, ಮತ್ತೆ ನಕ್ಕ. ನಾನು ಅವನ ಕೈ ಹಿಡಿದುಕೊಂಡೆ.

“ಲೋ, ನಿಜ ಹೇಳು. ನನಗೆ ನಿನ್ನ ಮೇಲೆ ಹೊಟ್ಟೆ ಉರಿ ಅಂತ ನಂಬಿಬಿಟ್ಟೆಯಾ?”

“ನಂಬಲಿಲ್ಲ ಕಣೋ. ನನಗೆ ಬೇರೇನೇ ಯೋಚನೆ. ಹೆಂಡತಿ ಹೋದ ಮೇಲೆ ನನಗೆ ಉಳಿದಿರೋನು ನೀನೊಬ್ಬ. ನೀನೂ ಹೋಗಿಬಿಟ್ರೆ ಅಂತ ದಾರಿಯುದ್ದಕ್ಕೂ ಮಾತೇ ಹೊರಡಲಿಲ್ಲ.” ಬಾಗಿಲ ಬಳಿ ಟೇಪು ಹಿಡಿದು ನಿಂತಿದ್ದ ನನ್ನ ಹೆಂಡತಿಯ ಕಡೆ ನೋಡಿದ. “ಹೊಟ್ಟೆ ಉರಿ ಇರೋದು ನನಗೆ. ಕುರ್ಚಿ ಸಿಕ್ತು ಅಂತ ಮನೆಗೆ ಹೋಗಿ ಹೇಳೋಣ ಅಂದ್ರೆ ಅಲ್ಲಿ ಕುರ್ಚಿ ಬಿಟ್ರೆ ಯಾರಿದ್ದಾರೆ? ನಿನಗೆ ನೋಡು, ಬೆಲ್ಟು ಬಿಗಿಯಾದ್ರೂ ಜಗಳ ಆಡೋರು ಇದ್ದಾರೆ.”

ಇಷ್ಟು ವರ್ಷ ಎದುರು ಮೇಜಿನಲ್ಲಿ ಕೂತು ಅವನಿಗೆ ಏನಿಲ್ಲ ಎಂದು ನೋಡದೆ, ಅವನಿಗೆ ಏನು ಸಿಕ್ಕಿತು ಎಂಬುದರ ಮೇಲೆ ಮೂರು ಹಾಳೆ ಬರೆದಿದ್ದೆ.

ಹೆಂಡತಿ ಮೂಗೆಳೆದುಕೊಂಡು, “ಅಣ್ಣಾ, ಇವತ್ತಿಂದ ಸಂಜೆ ಊಟ ಇಲ್ಲೇ. ಬರ್ತೀರಾ ಅಷ್ಟೇ, ಎದುರು ಮಾತಾಡೋ ಹಾಗಿಲ್ಲ,” ಎಂದಳು. ಮುಖ್ಯಾಧಿಕಾರಿಗಳು ವಿಧೇಯರಾಗಿ, “ಆಯ್ತು ತಂಗಿ,” ಎಂದರು.

ಆ ಸಂಜೆ ಇನ್ನೂ ಬೆಳಕಿರುವಾಗಲೇ ಮೂವರೂ ಊಟಕ್ಕೆ ಕೂತೆವು. ಮನೆ ತುಂಬಿದಂತೆ ಕಂಡಿತು. ಒಳ್ಳೆಯ ಹೆಂಡತಿ, ಒಳ್ಳೆಯ ಗೆಳೆಯ, ಗಟ್ಟಿ ಹೃದಯ, ಮೂರೂ ಒಬ್ಬನಿಗೇ ಸಿಗುವುದುಂಟೇ ಎಂದು ಕೃತಜ್ಞತೆಯಿಂದ ಕಣ್ಣು ಮುಚ್ಚಿದೆ. ತೆರೆದು ನೋಡುತ್ತೇನೆ, ನನ್ನ ತಟ್ಟೆಯಲ್ಲಿದ್ದ ಊಟದಲ್ಲಿ ಅರ್ಧಕ್ಕರ್ಧ ಮಾಯ! ಹೆಂಡತಿ ಅದನ್ನು ಎತ್ತಿ ಗಡಿಯಾರದ ತಟ್ಟೆಗೆ ಬಡಿಸುತ್ತಿದ್ದಳು. ಅದರ ಮೇಲೆ, ನನಗೆಂದೇ ಬೆಳಗ್ಗೆ ಕರಿದಿಟ್ಟಿದ್ದ ಆಲೂಗಡ್ಡೆ ಅಷ್ಟೂ!

“ಲೇ, ಅದು ನಂದು!”

“ಡಾಕ್ಟರು ಹೇಳಿದ್ದಾರಲ್ಲ, ನಿಮಗೆ ಸ್ವಲ್ಪ ಸ್ವಲ್ಪ,” ಎಂದಳು. ಗಡಿಯಾರ ಕಣ್ಣು ಮುಚ್ಚಿಕೊಂಡು ಕರುಂ ಕರುಂ ಎಂದು ಜಗಿಯುತ್ತ, “ಏನು ರುಚಿ ತಂಗಿ!” ಎಂದ. ಆಮೇಲೆ ನನ್ನ ಮುಖ ನೋಡಿ ಕೇಳಿದ.

“ಯಾಕೋ, ಮತ್ತೆ ಎದೆ ಉರೀತಿದೆಯಾ?”

“ಇಲ್ಲ,” ಎಂದೆ. “ಈಗ ಹೊಟ್ಟೆ!”