ಸೊಳ್ಳೆಪರದೆಯಲ್ಲಿ ಸೋಸಿದ ಸಮುದ್ರ

ಇದು ನಿಜವಾಗಿ ನಡೆದದ್ದು. ನಂಬಿಕೆ ಬಾರದವರು ಕಿಟಕಿ ಕೊರೆದ ಸೊಳ್ಳೆಪರದೆಯೊಳಗೆ ಒಂದು ರಾತ್ರಿ ಮಲಗಿ ನೋಡಲಿ. ಜರಡಿಯ ಅತ್ತೆ ಮಲಗಿದ್ದು ಹಾಗೆಯೇ.

ಜರಡಿ ಎಂಬುದು ಕಡಲ ಸಂಶೋಧನಾಲಯದ ಕಿರಿಯ ವಿಜ್ಞಾನಿಗೆ ಸಹೋದ್ಯೋಗಿಗಳು ಇಟ್ಟ ಹೆಸರು. ದಡದ ಸಮೀಪದ ನೀರನ್ನು ಸಣ್ಣ ಕಣ್ಣಿನ ಬಲೆಯಲ್ಲಿ ಸೋಸಿ, ಸಿಕ್ಕ ಪ್ರಾಣಿಪ್ಲವಕಗಳನ್ನು, ಎಂದರೆ ಮೀನಿಗೆ ಆಹಾರವಾಗುವ ಪುಡಿಜೀವಿಗಳನ್ನು, ಸೂಕ್ಷ್ಮದರ್ಶಕದಡಿ ಅಳೆಯುವುದು ಅವನ ಕಸುಬು. ನೀರು ಬೆಚ್ಚಗಾದರೆ ಅವು ಕುಳ್ಳಗಾಗುತ್ತವೆ. ತಳದ ತಣ್ಣೀರು ಸತ್ವ ಹೊತ್ತು ಮೇಲೆ ಬಂದರೆ, ಹೊರಡುವ ಮಾತೇ ಆಡದ ನೆಂಟರ ಹಾಗೆ ಮೈ ತುಂಬಿಕೊಳ್ಳುತ್ತವೆ.

ಒಂದು ಸಂಜೆ ಬಲೆಯ ಬಾಲ ದೋಣಿಯ ಕೊಕ್ಕೆಗೆ ಸಿಕ್ಕಿ ಪರ್ರೆಂದು ಹರಿಯಿತು. ಹೊಸದು ಕೇಳಿದರೆ ಸಂಶೋಧನಾಲಯದ ಮುಖ್ಯಸ್ಥೆ ಮೇಡಂ ಬೈಯುತ್ತಾರೆಂದು ಹೆದರಿ, ಅತ್ತೆಯ ಸೊಳ್ಳೆಪರದೆಯನ್ನು ಕತ್ತರಿಸಿ ತೇಪೆ ಹಾಕಿದ. ಬೆಳಿಗ್ಗೆ ಅದೇ ಬಲೆ ಎಳೆದು ಅಳೆದರೆ, ಪ್ಲವಕಗಳು ಹಿಂದಿನ ವಾರಕ್ಕಿಂತ ಎರಡು ಪಟ್ಟು ದೊಡ್ಡವು.

ನೀರಿನ ಉಪ್ಪು ಅಳೆಯುವ ಉಪ್ಪಕ್ಕ ಅವನ ಹೆಗಲ ಮೇಲಿಂದ ಇಣುಕಿದಳು. "ತಣ್ಣೀರು ಮೇಲೆ ಬಂದಿದೆ ಕಣೋ ಜರಡಿ. ಇನ್ನು ಮೀನು ಬರುತ್ತೆ. ಇರು, ಎಲ್ರಿಗೂ ಹೇಳ್ತೀನಿ."

"ಬೇಡಕ್ಕಾ, ಇನ್ನೊಂದ್ಸಲ ಅಳೀತೀನಿ."

"ನಿಂಗೆ ಸಂಕೋಚ ಜಾಸ್ತಿ," ಎಂದವಳೇ ಹೊರಟಳು.

ಊಟದ ಹೊತ್ತಿಗೆ ಕಾವಲುಗಾರನೂ ಬಂದು ಕೈ ಕುಲುಕಿದ. "ಆ ಹುಳಕ್ಕೆ ನಿಮ್ಮ ಹೆಸರೇ ಇಡ್ತಾರಂತೆ ಸಾರ್," ಎಂದ ಟೈಪಿಸ್ಟ್. ಜರಡಿಗೆ ಹೊಳೆದದ್ದು ಆಗ: ತೇಪೆಯ ಕಣ್ಣು ದೊಡ್ಡದು. ಸಣ್ಣವೆಲ್ಲ ಜಾರಿಹೋಗಿವೆ, ದಪ್ಪನೆಯವು ಮಾತ್ರ ಉಳಿದಿವೆ. ಊಟ ಅರ್ಧಕ್ಕೇ ಬಿಟ್ಟು ಎದ್ದ.

ಮೇಡಂ ಕೋಣೆಗೆ ಓಡಿದ. ಅವರು ಫೋನಿನಲ್ಲಿದ್ದರು. "ನಿಮ್ಮ ಲೆಕ್ಕ ನೋಡಿದೆ ರೀ, ಸಂಜೆ ಸಭೆಗೆ ಬನ್ನಿ," ಎಂದು ಬೆಕ್ಕನ್ನು ಓಡಿಸುವಂತೆ ಕೈ ಬೀಸಿದರು.

ಸಂಜೆ ಸಭೆಯ ತುಂಬ ದೋಣಿ ಮಾಲೀಕರು. "ಅಂದರೆ... ನೀರು ತಣ್ಣಗಾಗಿದೆ, ಅಲ್ವಾ," ಎಂದು ಮೇಡಂ ತಮ್ಮ ಎಂದಿನ ರಾಗ ತೆಗೆದರು. "ಅಂದರೆ... ಪ್ಲವಕ ದಪ್ಪಗಾಗಿವೆ, ಅಲ್ವಾ. ಅಂದರೆ... ನಾಳೆ ದೋಣಿ ಇಳಿಸಬಹುದು, ಅಲ್ವಾ."

"ನಿಮ್ಮ ಮಾತು ನಂಬ್ಕೊಂಡು ಹೊರಡ್ತೀವಿ ಮೇಡಂ," ಎಂದ ಹಿರಿಯ ಮಾಲೀಕ. "ಸುಮ್ನೆ ಡೀಸೆಲ್ ಸುಟ್ಟು ಬರೋ ಹಾಗಾಗ್ಬಾರ್ದು."

ಜರಡಿಗೆ ಕೂರಲಾಗಲಿಲ್ಲ. ಎದ್ದು ನಿಂತು, ತಲೆ ತಗ್ಗಿಸಿ, ಕೊಕ್ಕೆ, ಕತ್ತರಿ, ಅತ್ತೆ, ತೇಪೆ ಎಲ್ಲವನ್ನೂ ಒಪ್ಪಿಕೊಂಡ. "ನನ್ನ ಅಳತೆ ನಂಬಬೇಡಿ. ತಪ್ಪು ನಂದು, ಮೇಡಂದಲ್ಲ," ಎನ್ನುವಾಗ ಅವನ ಕಿವಿಯಲ್ಲಿ ನೀರು ಕಾಯಿಸಬಹುದಿತ್ತು.

ಮೇಡಂ ಕನ್ನಡಕ ತೆಗೆದರು.

"ಕೂತ್ಕೊಳ್ಳಿ ರೀ. ನಿಮ್ಮ ಅಳತೆ ನಾನು ತಗೊಂಡೇ ಇಲ್ಲ. ಪಕ್ಕದ ಬಂದರಿನಿಂದ ನೀರಿನ ಮಾದರಿ ತರಿಸಿ ನಾನೇ ಅಳೆದೆ. ಅಲ್ಲೂ ದೊಡ್ಡವೇ. ನೀರು ನಿಜವಾಗ್ಲೂ ತಣ್ಣಗಾಗಿದೆ."

"ಹಾಗಾದ್ರೆ ನನ್ನದು?"

"ನಿಮಗೆ ಅಳೆಯೋಕೆ ಬರಲ್ಲ ಅಂತ ಪಕ್ಕಕ್ಕಿಟ್ಟಿದ್ದೆ. ಹೇಳಿದ್ರೆ ನೊಂದ್ಕೋತೀರಿ ಅಂತ ಸುಮ್ನಿದ್ದೆ."

"ಇವತ್ತು ಒಂದಿನ ತಾನೇ ಮೇಡಂ?" ಎಂದ ಜರಡಿ, ಆಸೆಯಿಂದ.

"ನೀವು ಕೆಲಸಕ್ಕೆ ಸೇರಿದಾಗಿಂದ."

ಉಪ್ಪಕ್ಕ ನಕ್ಕಳು, ಮಾಲೀಕರು ನಕ್ಕರು, ಕಾವಲುಗಾರ ಬಾಗಿಲು ಹಿಡಿದುಕೊಂಡು ನಕ್ಕ. ಎಲ್ಲರಿಗಿಂತ ಜೋರಾಗಿ ನಕ್ಕವನು ಜರಡಿ. ನಗು ನಿಲ್ಲಿಸಿದರೆ ಆ ಮುಖವನ್ನು ಎಲ್ಲಿಡುವುದೋ ತಿಳಿಯದೆ, ಸಭೆ ಕರಗಿ ಕುರ್ಚಿಗಳನ್ನು ಮಡಚುವವರೆಗೂ ನಗುತ್ತಲೇ ಇದ್ದ.