ಸುಳ್ಳು ಮೀನಿನ ಆಯ್ಕೆ ಮತ್ತು ಶ್ರೀ ಲೀಲಾಧರ ಅವರ ಕೈಗುಣ ಕುರಿತು

ಶನಿವಾರದ ಮೀನುಗಾರಿಕೆ ಇಲಾಖೆ
ಕಾರ್ಯದರ್ಶಿಯವರ ಕಚೇರಿ, ಶ್ರೀ ಶೇಷಗಿರಿ ಅವರ ಗರಾಜು, ಸ್ಯಾನ್ ಹೊಸೆ, ಕ್ಯಾಲಿಫೋರ್ನಿಯಾ

ಸಂಖ್ಯೆ: ಶಮೀಇ/ಸುಮೀ/4/1987
ದಿನಾಂಕ: 24 ಏಪ್ರಿಲ್ 1987, ಶುಕ್ರವಾರ

ಸುತ್ತೋಲೆ

ವಿಷಯ: ಸ್ಮಾಲ್‌ಮೌತ್ ಬಾಸ್ ಮೀನು ಹಿಡಿಯಲು ಕ್ರ್ಯಾಂಕ್‌ಬೇಟ್ ಆರಿಸುವ ಕ್ರಮ, ತತ್ಸಂಬಂಧ ಇಲಾಖೆಯ ಏಕೈಕ ದೋಣಿಯ ಮಾರಾಟವನ್ನು ತಡೆಹಿಡಿಯುವ ಬಗ್ಗೆ.

ಉಲ್ಲೇಖ:
1. ಶ್ರೀ ಲೀಲಾಧರ ಅವರು ದೋಣಿಗೆ ಅಂಟಿಸಿರುವ ‘ಫಾರ್ ಸೇಲ್’ ಚೀಟಿ, ದಿನಾಂಕ ನಮೂದಿಸಿಲ್ಲ.
2. ಶ್ರೀಮತಿ ಜಲಜಾ ಶೇಷಗಿರಿ ಅವರ ಮೌಖಿಕ ಹೇಳಿಕೆ, ಅಡುಗೆಮನೆ, ದಿನಾಂಕ 19-4-1987.
3. ಕಾರ್ಯದರ್ಶಿಯವರ ಆತ್ಮಸಾಕ್ಷಿಯಿಂದ ಬಂದ ಜ್ಞಾಪನಗಳು, ಒಂದರಿಂದ ಒಂಬತ್ತರವರೆಗೆ. ಯಾವುದಕ್ಕೂ ಉತ್ತರಿಸಿರುವುದಿಲ್ಲ.

ಪ್ರಸ್ತಾವನೆ:

ಈ ಇಲಾಖೆಯಲ್ಲಿ ಮಂಜೂರಾದ ಹುದ್ದೆಗಳು ಎರಡು. ಉಡುಪಿಯ ಶ್ರೀ ಲೀಲಾಧರ ಅವರು ದೋಣಿಯ ಮಾಲೀಕರು ಹಾಗೂ ಗಾಳ ಎಸೆಯುವವರು. ಮೈಸೂರಿನ ನೀರಾವರಿ ಕಚೇರಿಯಲ್ಲಿ ಹನ್ನೊಂದು ವರ್ಷ ಕಡತ ಸರಿಸಿ, ಸದ್ಯ ಸ್ಯಾನ್ ಹೊಸೆಯ ಕಂಪನಿಯೊಂದರಲ್ಲಿ ನಕ್ಷೆ ಬರೆಯುತ್ತಿರುವ ಶ್ರೀ ಶೇಷಗಿರಿ ಅವರು ಕಾರ್ಯದರ್ಶಿ. ಕಾರ್ಯದರ್ಶಿಯವರು ಮೀನು ತಿನ್ನುವುದಿಲ್ಲ, ಮುಟ್ಟುವುದಿಲ್ಲ, ಅದು ಬುಟ್ಟಿಯಲ್ಲಿ ಒದ್ದಾಡಿದರೆ ಬೇರೆ ಕಡೆ ನೋಡುತ್ತಾರೆ. ಆದರೂ ಆರು ವರ್ಷದಿಂದ ಒಂದು ಶನಿವಾರವನ್ನೂ ತಪ್ಪಿಸಿರುವುದಿಲ್ಲ. ಏಕೆಂದು ಇಲಾಖೆ ಕೇಳಿಲ್ಲ, ಅವರು ಹೇಳಿಲ್ಲ.

ಶ್ರೀ ಲೀಲಾಧರ ಅವರ ಕೈಗುಣ ಈ ಕೊಲ್ಲಿ ಪ್ರದೇಶದ ಕನ್ನಡಿಗರಲ್ಲಿ ಹೆಸರುವಾಸಿ. ಹೊಸ ಮನೆಯಲ್ಲಿ ಹಾಲು ಉಕ್ಕಿಸಲು ಒಲೆ ಹಚ್ಚುವವರು ಅವರೇ. ಈ ಚಳಿಯ ನೆಲದಲ್ಲಿ ಕರಿಬೇವು ಅವರ ಕೈಯಲ್ಲಿ ನೆಡಿಸಿದರೆ ಮಾತ್ರ ಚಿಗುರುತ್ತದೆ. ಅಂಥವರಿಗೆ ಮಾರ್ಗನ್ ಹಿಲ್ ಬಳಿಯ ಜಲಾಶಯದಲ್ಲಿ ಕಳೆದ ಫೆಬ್ರವರಿಯಿಂದ ಸತತ ಒಂಬತ್ತು ಶನಿವಾರ ಒಂದೇ ಒಂದು ಮೀನು ಸಿಕ್ಕಿರುವುದಿಲ್ಲ. ಮೊನ್ನೆ ಒಬ್ಬರು ಕರಿಬೇವಿನ ಸಸಿ ಹಿಡಿದು ಕರೆದರೆ, ಬೇರೆಯವರ ಕೈಯಲ್ಲಿ ನೆಡಿಸಿ ಎಂದುಬಿಟ್ಟಿದ್ದಾರೆ. ಕಳೆದ ವಾರ ದಡದಲ್ಲಿ ಅವರು ನೀಡಿದ ಹೇಳಿಕೆ ಯಥಾವತ್ತಾಗಿ ಹೀಗಿದೆ: “ನನ್ನ ಕೈಗುಣ ಹೋಯ್ತು ಮಾರಾಯ್ರೆ. ಇನ್ನು ಈ ಬೋಟ್ ಇಟ್ಕೊಂಡು ಎಂತ ಮಾಡುದು?” ಭಾನುವಾರ ದೋಣಿ ನೋಡಲು ಗಿರಾಕಿ ಬರುವುದು ನಿಗದಿಯಾಗಿದೆ.

ಆದ್ದರಿಂದ ಕೆಳಕಂಡ ನಿಯಮಗಳನ್ನು ಈ ಮೂಲಕ ಹೊರಡಿಸಲಾಗಿದೆ. ಭಾನುವಾರಕ್ಕೆ ಮೊದಲು ಕೊನೆಯವರೆಗೆ ಓದತಕ್ಕದ್ದು.

1. ಕ್ರ್ಯಾಂಕ್‌ಬೇಟ್ ಎಂದರೆ, ಮೂತಿಯ ಕೆಳಗೆ ಪ್ಲಾಸ್ಟಿಕ್ಕಿನ ಚಿಕ್ಕ ನಾಲಿಗೆಯೂ ಹೊಟ್ಟೆಯ ಕೆಳಗೆ ಕೊಕ್ಕೆಗಳೂ ಇರುವ, ದಾರ ಸುತ್ತಿ ಎಳೆದಂತೆ ಅಲ್ಲಾಡುತ್ತ ಮುಳುಗುವ ಸುಳ್ಳು ಮೀನು ಎಂದು ತಿಳಿಯತಕ್ಕದ್ದು. ಅದು ಸುಳ್ಳೆಂಬುದು ಬಾಸ್ ಮೀನಿಗೆ ತಿಳಿಯಕೂಡದು. ದೋಣಿಯಲ್ಲಿರುವ ಇತರರಿಗೆ ತಿಳಿದಿರಬೇಕಾಗಿತ್ತು. ಈ ಬಗ್ಗೆ ಮುಂದೆ ವಿವರಿಸಲಾಗಿದೆ.

2. ಬಣ್ಣ: ನೀರು ತಿಳಿಯಾಗಿದ್ದರೆ ಬೆಳ್ಳಿಯ ಬಣ್ಣ. ವಸಂತದಲ್ಲಿ ನೀರು ಕಲಕಿ, ಕ್ರಾಫಿಶ್ ಎಂಬ ಕೆಂಪು ಸಿಗಡಿಗಳು ಕಲ್ಲುಸಂದಿಯಿಂದ ಹೊರಬರುವಾಗ ಕೆಂಪು. ಅಂಗಡಿಯಲ್ಲಿ ಬಣ್ಣ ಪರೀಕ್ಷಿಸಲು ಸುಳ್ಳು ಮೀನನ್ನು ಸೀರೆಯಂತೆ ಬಾಗಿಲ ಹೊರಗೆ ಬಿಸಿಲಿಗೆ ಒಯ್ದು ತಿರುಗಿಸಿ ನೋಡುವುದನ್ನು ನಿಷೇಧಿಸಲಾಗಿದೆ. ಹಾಗೆ ಒಯ್ದಾಗ ಅಂಗಡಿಯವನು ಪಾರ್ಕಿಂಗ್ ಲಾಟಿನವರೆಗೆ ಅಟ್ಟಿಸಿಕೊಂಡು ಬಂದ ಪ್ರಕರಣ ಒಂದು ದಾಖಲಾಗಿದೆ.

3. ಸದ್ದು: ಕೆಲವು ಸುಳ್ಳು ಮೀನುಗಳ ಹೊಟ್ಟೆಯಲ್ಲಿ ಗುಂಡುಗಳಿದ್ದು ಗಿಲಿಗಿಲಿ ಎನ್ನುತ್ತವೆ. ಕಲಕಿದ ನೀರಿಗೆ ಇವು ಉತ್ತಮ. ತೆಂಗಿನಕಾಯಿಯಂತೆ ಕಿವಿಯ ಬಳಿ ಅಲ್ಲಾಡಿಸಿ ಆರಿಸುವವರು ಮೊದಲು ಕೊಕ್ಕೆ ಯಾವ ಕಡೆಗಿದೆ ಎಂದು ಖಚಿತಪಡಿಸಿಕೊಳ್ಳತಕ್ಕದ್ದು. ಕಾರ್ಯದರ್ಶಿಯವರ ಎಡಗಿವಿಯನ್ನು ಕಚೇರಿ ವೇಳೆಯಲ್ಲಿ ಪರಿಶೀಲಿಸಬಹುದಾಗಿದೆ.

4. ಮುಹೂರ್ತ: ರಾಹುಕಾಲದಲ್ಲಿ ಕೊಂಡ ಸುಳ್ಳು ಮೀನಿಗೆ ದೋಷವಿಲ್ಲ. ಭಾರತದ ರಾಹುಕಾಲವೋ ಕ್ಯಾಲಿಫೋರ್ನಿಯಾದ್ದೋ ಎಂಬ ಪ್ರಶ್ನೆಯನ್ನು ಇಲಾಖೆ ಇನ್ನು ಮುಂದೆ ಸ್ವೀಕರಿಸುವುದಿಲ್ಲ.

5. ಕಟ್ಟುವ ಕ್ರಮ: ಸುಳ್ಳು ಮೀನನ್ನು ಆರಿಸಿ ದಾರಕ್ಕೆ ಕಟ್ಟಿಕೊಡುವುದು ಕಾರ್ಯದರ್ಶಿಯವರ ಕರ್ತವ್ಯ. ಶ್ರೀ ಲೀಲಾಧರ ಅವರು ಹಿಂದೆ ತಿರುಗದೆ ಕೈ ಚಾಚುತ್ತಾರೆ, ಕೋಲು ಕೈಗೆ ಬಂದೊಡನೆ ಎಸೆಯುತ್ತಾರೆ. ಏನು ಕಟ್ಟಿದೆ ಎಂದು ಆರು ವರ್ಷದಲ್ಲಿ ಒಮ್ಮೆಯೂ ನೋಡಿರುವುದಿಲ್ಲ. “ನೀವು ಕಟ್ಟಿದ್ದಲ್ವಾ, ಮತ್ತೆಂತ ನೋಡುದು?” ಎಂಬುದು ಅವರ ಆಡಳಿತ ನೀತಿ. ಈ ನೀತಿಯಿಂದಾದ ಹಾನಿಗೆ ಅವರು ಹೊಣೆಗಾರರಲ್ಲ.

6. ಗೊಂಬೆ: ಇಲಾಖೆಯ ಸುಳ್ಳು ಮೀನುಗಳನ್ನು ನವರಾತ್ರಿಯ ಗೊಂಬೆ ಕೂರಿಸಲು ಬಳಸತಕ್ಕದ್ದಲ್ಲ. ಕಳೆದ ಅಕ್ಟೋಬರಿನಲ್ಲಿ ಶ್ರೀಮತಿ ಜಲಜಾ ಅವರು ಕನ್ನಡಿಯಿಂದ ಮಾಡಿದ ಕೊಳಕ್ಕೆ ಮೀನುಗಳು ಬೇಕೆಂದಾಗ, ಕಾರ್ಯದರ್ಶಿಯವರು ತಾವಾಗಿಯೇ ಪೆಟ್ಟಿಗೆ ತೆರೆದು, ಇಕ್ಕಳದಿಂದ ಕೊಕ್ಕೆ ಕಿತ್ತು, ಆರು ಮೀನುಗಳನ್ನು ಈಜಾಡಲು ಬಿಟ್ಟರು. ನೋಡಲು ಬಹಳ ಚೆನ್ನಾಗಿತ್ತೆಂದು ಒಪ್ಪಿಕೊಳ್ಳಲಾಗಿದೆ. ಆ ಆರರಲ್ಲಿ ಒಂದು, ಶ್ರೀ ಲೀಲಾಧರ ಅವರು ಅದುವರೆಗೆ ಹಿಡಿದ ಮೀನುಗಳಲ್ಲಿ ಮುಕ್ಕಾಲು ಪಾಲನ್ನು ತಂದುಕೊಟ್ಟ ಗಿಡ್ಡ ನಾಲಿಗೆಯ ಹಳೆಯ ಕೆಂಪು ಮೀನು.

7. ತಾಂಬೂಲ: ಒಂಬತ್ತನೆಯ ದಿನ ಡ್ಯಾನ್‌ವಿಲ್‌ನ ಶ್ರೀಮತಿ ಊರ್ಮಿಳಾ ಅವರಿಗೆ ತಾಂಬೂಲ ಕೊಡುವಾಗ ಚೀಲದಲ್ಲಿಡಲು ಉಡುಗೊರೆ ಸಾಲದೆ, ಸದರಿ ಕೆಂಪು ಮೀನಿಗೆ ಅರಿಶಿನ ಕುಂಕುಮ ಹಚ್ಚಿ ಕೊಟ್ಟು ಕಳಿಸಲಾಯಿತು. ಈ ಬಗ್ಗೆ ಶ್ರೀಮತಿ ಜಲಜಾ ಅವರ ಹೇಳಿಕೆ: “ಆರು ಮೀನಿತ್ತು, ಒಂದು ಕೊಟ್ರೆ ಏನಾಯ್ತು ಅಂದ್ಕೊಂಡೆ ಕಣ್ರೀ. ಅದು ಅಷ್ಟು ದೊಡ್ಡ ಮನುಷ್ಯ ಅಂತ ನೀವ್ಯಾಕೆ ಮೊದ್ಲೇ ಹೇಳ್ಲಿಲ್ಲ?” ಪ್ರಶ್ನೆ ನ್ಯಾಯಯುತವಾಗಿದೆ ಎಂದು ಇಲಾಖೆ ಭಾವಿಸುತ್ತದೆ.

8. ಡ್ಯಾನ್‌ವಿಲ್ ನಿಯೋಗ: ಕಾರ್ಯದರ್ಶಿಯವರು ಎರಡು ಬಾರಿ ಡ್ಯಾನ್‌ವಿಲ್‌ಗೆ ಡ್ರೈವ್ ಮಾಡಿಕೊಂಡು ಹೋಗಿ, ಎರಡು ಬಾರಿಯೂ ಕಾಫಿ ಕುಡಿದು ಬರಿಗೈಯಲ್ಲಿ ಬಂದಿದ್ದಾರೆ. ಸದರಿ ಮೀನು ಈಗ ಶ್ರೀಮತಿ ಊರ್ಮಿಳಾ ಅವರ ಕಾರಿನ ಕನ್ನಡಿಗೆ ತೂಗುಬಿದ್ದಿದೆ. ಅವರ ನಿಲುವು: “ಅಮ್ಮನೋರ ಮುಂದೆ ಇಟ್ಟಿದ್ದು, ತಾಂಬೂಲದಲ್ಲಿ ಬಂದಿದ್ದು, ಹೆಂಗೆ ವಾಪಸ್ ಕೊಡೋದು ಹೇಳಿ? ಇದು ಬಂದ್ಮೇಲೆ ಫ್ರೀವೇನಲ್ಲಿ ಪೊಲೀಸ್ರ ಫೈನ್ ಟಿಕೆಟ್ ಒಂದೂ ಬಿದ್ದಿಲ್ಲ ನಂಗೆ.” ತಾಂಬೂಲದಲ್ಲಿ ಕೊಟ್ಟದ್ದನ್ನು ವಾಪಸು ಕೇಳುವಂತಿಲ್ಲವಾದ್ದರಿಂದ ಮೇಲ್ಮನವಿಗೆ ಅವಕಾಶವಿರುವುದಿಲ್ಲ.

9. ಉಗುರುಬಣ್ಣ: ಫೆಬ್ರವರಿಯಲ್ಲಿ ಕೆಂಪು ಮೀನಿನ ಕಾಲ ಬಂತೆಂದು, ಕಳೆದುಹೋದ ಸುಳ್ಳು ಮೀನಿನ ಜಾಗದಲ್ಲಿ ಬೇರೊಂದು ಬಿಳಿ ಮೀನು ತಂದು, ಹೆಂಡತಿಯ ನೇಲ್ ಪಾಲಿಶ್ ಎರಡು ಕೋಟು ಬಳಿದು, ಕಾಡಿಗೆಯಿಂದ ಚುಕ್ಕೆ ಇಟ್ಟು, ಅಪ್ಪಿತಪ್ಪಿ ಮಾಲೀಕರು ನೋಡಿದರೂ ಹಳೆಯದೇ ಎನಿಸುವಂತೆ ಸಿಮೆಂಟಿಗೆ ಉಜ್ಜಿ, ಪೆಟ್ಟಿಗೆಯ ಅದೇ ಮನೆಯಲ್ಲಿ ಇಡುವುದನ್ನು ಕಟ್ಟುನಿಟ್ಟಾಗಿ ನಿಷೇಧಿಸಲಾಗಿದೆ. ನಿಷೇಧವು ಇಂದಿನಿಂದ ಜಾರಿಗೆ ಬರುತ್ತದೆ. ಇದಕ್ಕೆ ಮುಂಚೆ ಯಾರಾದರೂ ಹಾಗೆ ಮಾಡಿದ್ದರೆ, ಅವರ ಹೆಸರು ಶೇಷಗಿರಿ.

10. ನಾಲಿಗೆ: ಸುಳ್ಳು ಮೀನು ಎಷ್ಟು ಆಳಕ್ಕೆ ಮುಳುಗಬೇಕೆಂದು ತೀರ್ಮಾನಿಸುವುದು ಬಣ್ಣವಲ್ಲ, ಮೂತಿಯ ನಾಲಿಗೆ. ಗಿಡ್ಡ ನಾಲಿಗೆಯದು ನಾಲ್ಕಡಿಯಲ್ಲಿ ಓಡುತ್ತದೆ, ಉದ್ದ ನಾಲಿಗೆಯದು ಹತ್ತಡಿಗೂ ಕೆಳಗೆ ಧುಮುಕುತ್ತದೆ. ವಸಂತದಲ್ಲಿ ಸ್ಮಾಲ್‌ಮೌತ್ ಬಾಸ್ ಮೊಟ್ಟೆಯಿಡಲು ದಡದ ಕಲ್ಲುಗಳ ಬಳಿ, ಮೊಣಕಾಲುದ್ದ ಎದೆಯುದ್ದದ ನೀರಿಗೆ ಬರುತ್ತದೆ. ಕಾರ್ಯದರ್ಶಿಯವರು ಬಣ್ಣ ನೋಡಿದರು, ಚುಕ್ಕೆ ನೋಡಿದರು, ನಾಲಿಗೆ ನೋಡಲಿಲ್ಲ. ಹೊಸದರ ನಾಲಿಗೆ ಉದ್ದ. ಒಂಬತ್ತು ಶನಿವಾರವೂ ಅದು ತಳದ ಕೆಸರು ಉತ್ತುಕೊಂಡು, ಕಲ್ಲಿಗೆ ಸಿಕ್ಕಿಕೊಂಡು ಬಂದಿದೆ. ಅಷ್ಟು ಗಲಾಟೆ ಮಾಡಿದರೆ ಯಾವ ಮೀನು ತಾನೇ ಅಲ್ಲಿ ನಿಂತೀತು. ಮೂರನೆಯ ಶನಿವಾರವೇ ಕಾರ್ಯದರ್ಶಿಯವರಿಗೆ ಇದು ಹೊಳೆಯಿತು. ಅಂಥ ಗಿಡ್ಡ ನಾಲಿಗೆಯದು ಯಾವ ಅಂಗಡಿಯಲ್ಲೂ ಸಿಗಲಿಲ್ಲ, ಉಳಿದ ಆರು ಶನಿವಾರ ಬಾಯಿ ಬಿಡಲೂ ಧೈರ್ಯ ಬರಲಿಲ್ಲ.

11. ಕೈಗುಣ: ಮೇಲಿನ ಕಾರಣಗಳಿಂದ, ಶ್ರೀ ಲೀಲಾಧರ ಅವರ ಕೈಯಲ್ಲಿ ಯಾವುದೇ ದೋಷ ಕಂಡುಬಂದಿರುವುದಿಲ್ಲ ಎಂದು ಘೋಷಿಸಲಾಗಿದೆ. ದೋಷವಿದ್ದದ್ದು ದಾರದ ತುದಿಯಲ್ಲಿ ಮತ್ತು ಅದನ್ನು ಕಟ್ಟಿಕೊಟ್ಟವರಲ್ಲಿ. ಒಬ್ಬ ಮನುಷ್ಯ ತನ್ನ ಕೈಯನ್ನೇ ಅನುಮಾನಿಸುತ್ತ ದೋಣಿಯಲ್ಲಿ ಅಂಗೈ ತಿರುಗಿಸಿ ತಿರುಗಿಸಿ ನೋಡಿಕೊಳ್ಳುವುದನ್ನು ಮೂರು ಅಡಿ ದೂರದಲ್ಲಿ ಕೂತು ನೋಡಿ, ಸತ್ಯ ಗೊತ್ತಿದ್ದೂ ಫ್ಲಾಸ್ಕಿನಿಂದ ಕಾಫಿ ಬಗ್ಗಿಸಿಕೊಟ್ಟು ಸುಮ್ಮನಿದ್ದದ್ದು ಹೇಡಿತನ. ಇದಕ್ಕೆ ಇಲಾಖೆಯ ಭಾಷೆಯಲ್ಲಿ ಬೇರೆ ಪದ ಹುಡುಕಲಾಯಿತು, ಸಿಗಲಿಲ್ಲ.

12. ಶಿಸ್ತು ಕ್ರಮ: ಕಾರ್ಯದರ್ಶಿಯವರನ್ನು ಅಮಾನತಿನಲ್ಲಿಡಲು ಕಾರ್ಯದರ್ಶಿಯವರು ಶಿಫಾರಸು ಮಾಡಿದ್ದಾರೆ. ಅವರನ್ನು ದೋಣಿಯಿಂದ ಇಳಿಸುವ ಪೂರ್ಣ ಅಧಿಕಾರ ಮಾಲೀಕರಿಗಿದೆ. ಆದರೆ ದೋಣಿಯನ್ನು ಮಾರಕೂಡದು. ಇದು ಸೂಚನೆಯಲ್ಲ, ಕೋರಿಕೆ.

ಈ ಸುತ್ತೋಲೆಯಲ್ಲಿ ಹೇಳಿರುವುದೆಲ್ಲ ನಿಜ. ಇದನ್ನು ಕನ್ನಡದಲ್ಲಿ ಎದುರಿಗೆ ನಿಂತು ಎರಡು ವಾಕ್ಯದಲ್ಲಿ ಹೇಳಬಹುದಾಗಿತ್ತು ಎಂಬ ಆಕ್ಷೇಪಣೆಯನ್ನು ಶ್ರೀಮತಿ ಜಲಜಾ ಅವರು ಈಗಾಗಲೇ ಸಲ್ಲಿಸಿದ್ದಾರೆ.

ಸಹಿ/-
ಶೇಷಗಿರಿ
ಕಾರ್ಯದರ್ಶಿ, ಅಮಾನತಿಗೆ ಒಳಪಟ್ಟು

ಪ್ರತಿಗಳು:
1. ಶ್ರೀಮತಿ ಜಲಜಾ ಶೇಷಗಿರಿ ಅವರಿಗೆ, ಹೊಸ ನೇಲ್ ಪಾಲಿಶ್ ಬಾಟಲಿಯೊಂದಿಗೆ.
2. ಶ್ರೀಮತಿ ಊರ್ಮಿಳಾ, ಡ್ಯಾನ್‌ವಿಲ್, ಅವರ ಮಾಹಿತಿಗಾಗಿ. ಮೀನನ್ನು ಅವರೇ ಇಟ್ಟುಕೊಳ್ಳಬಹುದು.
3. ಭಾನುವಾರ ಬರಲಿರುವ ಗಿರಾಕಿಗೆ. ಕನ್ನಡ ಬಾರದಿರುವುದರಿಂದ ಕಳುಹಿಸಿಲ್ಲ.
4. ಕಚೇರಿ ಕಡತಕ್ಕೆ. ಕಡತ ಇರುವುದಿಲ್ಲ.
5. ಶ್ರೀ ಲೀಲಾಧರ ಅವರಿಗೆ, ಮೂಲ ಪ್ರತಿ, ಬಾಗಿಲ ಅಂಚೆಕಿಂಡಿಯ ಮೂಲಕ, ಖುದ್ದಾಗಿ. ಕಾರ್ಯದರ್ಶಿಯವರು ಹೊರಗೆ ನಿಂತಿದ್ದಾರೆ. ಓದಿ ಮುಗಿದ ಮೇಲೆ ಬಾಗಿಲು ತೆರೆಯಬಹುದು, ಕಡ್ಡಾಯವಲ್ಲ.